ದಡದ ಬಲೆಗೆ ಯಾರ ಹೆಬ್ಬೆಟ್ಟು

"ಏನಮ್ಮಾ ಇದು? ಮೀನಾ, ಹಲ್ಲಿನಾ?"

ಬಿಟಿಎಂನ ಗಲ್ಲಿಯ ಮೀನಂಗಡಿಗೆ ಚಡ್ಡಿಯಲ್ಲೇ ಎದ್ದು ಬಂದಿದ್ದ ಪಿಜಿ ಹುಡುಗ ಐಸಿನ ಮೇಲಿಂದ ಒಂದು ಬಂಗುಡೆಯನ್ನು ಬಾಲ ಹಿಡಿದು ಎತ್ತಿ ಕೇಳಿದ. ಅದು ಅವನ ನಡುಬೆರಳಿನಷ್ಟಿತ್ತು.

ತಂಗೆವ್ವ ಕೊಯ್ಯುವ ಹಲಗೆಯಿಂದ ತಲೆ ಎತ್ತಲಿಲ್ಲ. "ಮೀನ್ ಅಲ್ಲಪ, ಮೀನಿನ ಕೂಸು. ಅಂಗನವಾಡಿಗಿ ಹೊಂಟಿತ್ತು, ದಾರ್ಯಾಗ ಹಿಡ್ಕೊಂಡ್ ಬಂದಾರ."

"ದೊಡ್ಡದು ಇಲ್ವಾ?"

"ದೊಡ್ಡದಾಗಾಕ ಬಿಟ್ರ ತಾನ ದೊಡ್ಡದಾಗೋದು! ಆ ಬಾಡ್ಯಾಗೋಳು ಸೊಳ್ಳಿ ಪರದೆ ತಗೊಂಡು ಕಡಲ್ ಸೋಸಾಕತ್ಯಾರ. ಬಸುರಿ ಬಿಡಂಗಿಲ್ಲ, ಬಾಣಂತಿ ಬಿಡಂಗಿಲ್ಲ. ತಗೊಂತಿದ್ರ ತಗೊ, ಇಲ್ಲಂದ್ರ ಅದ್ರ ಬಾಲ ಬಿಡು. ಸತ್ತ ಮ್ಯಾಲೂ ಅದಕ್ಕ ನಾಚ್ಕಿ ಐತಿ."

ಹುಡುಗ ಮೀನನ್ನು ಐಸಿನ ಮೇಲೆ ಹಾಕಿ, ಫೋನಿನಲ್ಲಿ ಚಿಕನ್ ಬಿರಿಯಾನಿ ಹುಡುಕುತ್ತಾ ಹೋದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಗಂಡ ಮರೆಪ್ಪ, ಬಲಗೈಯ ಮೊಂಡಿನಿಂದ ಮೀನನ್ನು ಹಲಗೆಗೆ ಒತ್ತಿ ಹಿಡಿದು ಎಡಗೈಯಿಂದ ಹುರುಪೆ ಹೆರೆಯುತ್ತಿದ್ದ. ಮಣಿಕಟ್ಟಿನಿಂದ ಕೆಳಗೆ ಅವನಿಗೆ ಬಲಗೈ ಇರಲಿಲ್ಲ.

"ಗಿರಾಕಿ ಓಡಿಸಾಕ ಒಂದ್ ಅಂಗಡಿ ಇಟ್ಟೀವಿ ನೋಡು ನಾವು," ಎಂದ.

"ನೀ ಸುಮ್ಕ ಕೆರಿ."

ಆಗಲೇ ಅವರಿಗೆ ಕಂಡದ್ದು, ಎದುರಿನ ಗೋಡೆಗೆ ಒರಗಿ ಒಬ್ಬ ಹುಡುಗಿ ಇದನ್ನೆಲ್ಲ ಕೇಳುತ್ತ ನಗುತ್ತಿದ್ದಾಳೆ. ಹತ್ತಿಯ ಕುರ್ತಾ, ಬಟ್ಟೆಯ ಚೀಲ, ಚೀಲದ ಮೇಲೊಂದು ತಿಮಿಂಗಿಲದ ಚಿತ್ರ. ಹೆಸರು ವಿಭಾ ಎಂದು ಹೇಳಿಕೊಂಡಳು. ಸಮುದ್ರದ ಜೀವಿಗಳನ್ನು ಉಳಿಸುವ ಸಂಸ್ಥೆಯೊಂದರಲ್ಲಿ ಕೆಲಸವಂತೆ. ಆಫೀಸು ಜಯನಗರದಲ್ಲಂತೆ.

"ಜಯನಗರದಾಗ ಸಮುದ್ರ ಯಾವಾಗ ಬಂತ್ರಿ?" ಎಂದು ಮರೆಪ್ಪ ಕೇಳಿದ.

ವಿಭಾ ಮತ್ತೂ ನಕ್ಕಳು. "ಆಂಟಿ, ನೀವು ಕೋಸ್ಟಲ್ ಕಡೆಯವ್ರಾ?"

"ಇಲ್ಲವ್ವ, ರಾಯಚೂರ್ ಕಡೆಯವ್ರು. ಆದ್ರ ಆರು ವರ್ಷ ಕಡಲ ದಂಡ್ಯಾಗ ದುಡದೀವಿ. ಇಂವ ದೋಣ್ಯಾಗ ಬಲಿ ಎಳಿತಿದ್ದ. ನಾ ದಕ್ಕ್ಯಾಗ ಮೀನ್ ಆರಿಸ್ತಿದ್ದೆ."

ದೋಣಿಗಳು ಬಂದು ಮೀನು ಇಳಿಸುವ ಕಟ್ಟೆಗೆ ದಕ್ಕೆ ಎನ್ನುತ್ತಾರೆ. ಅಲ್ಲಿ ಸುರಿದ ರಾಶಿಯಿಂದ ಒಳ್ಳೆಯ ಮೀನು ಬೇರೆ, ಕಸ ಬೇರೆ ಮಾಡುವುದು ಹೆಂಗಸರ ಕೆಲಸ. ವಿಭಾಳ ಕಣ್ಣು ಅರಳಿತು. ಶುಕ್ರವಾರ ಜಯನಗರದ ಹಾಲ್ ಒಂದರಲ್ಲಿ ದೊಡ್ಡ ಸಭೆ ಇದೆ, ದಡದಂಚಿನ ಕಡಲನ್ನು ಹೇಗೆ ಕಾಪಾಡಬೇಕು ಎಂದು ಯೋಜನೆ ಬರೆಯುತ್ತಾರೆ, ಕರಾವಳಿಯಿಂದ ಕರೆದ ಮೀನುಗಾರರು, ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಶುರುವಾಗುವ ಆಗಸ್ಟಿನಲ್ಲಿ ಕೆಲಸ ಬಿಟ್ಟು ಬರುವುದಿಲ್ಲ ಎಂದಿದ್ದಾರೆ ಎಂದಳು. "ಒಬ್ರಾದ್ರೂ ಫಿಶರ್‌ವುಮನ್ ಇರ್ಲೇಬೇಕು ಆಂಟಿ. ನೀವೇ ಕರೆಕ್ಟ್ ಸ್ಟೇಕ್‌ಹೋಲ್ಡರ್."

"ಹೋಲ್ಡರ್ ಅಂದ್ರ ಬಲ್ಬಿಂದಾ?" ಎಂದ ಮರೆಪ್ಪ.

"ಮಾತಾಡಾಕ ಕೊಡ್ತೀರೇನವ್ವ?" ಎಂದು ತಂಗೆವ್ವ ಕೇಳಿದಳು. ಚಾಕು ಕೆಳಗಿಟ್ಟಿದ್ದಳು.

"ಖಂಡಿತಾ ಕೊಡ್ತೀವಿ. ದಿನದ ಕೂಲಿನೂ ಕೊಡ್ತೀವಿ. ಊಟ ಇರತ್ತೆ."

"ಮೀನ್ ಸಾರು?"

"ಇಲ್ಲ ಆಂಟಿ. ಹಾಲ್ ಪ್ಯೂರ್ ವೆಜ್. ಮೀನು ಒಳಗೆ ಬಿಡಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರೆಪ್ಪ ಮತ್ತೆ ಹುರುಪೆ ಹೆರೆಯತೊಡಗಿದ. "ಪಾಪ, ಮೀನಿನ ಮೀಟಿಂಗು, ಮೀನಿಗೇ ಕಾಗದ ಹೋಗಿಲ್ಲ," ಎಂದ.

*

ಶುಕ್ರವಾರ ಇಬ್ಬರೂ ಹೊರಟರು. ತಂಗೆವ್ವ ಎರಡು ಸಲ ಸೋಪು ಹಚ್ಚಿ ಮಿಂದಿದ್ದಳು, ನಿಂಬೆಹೋಳಿನಿಂದ ಕೈ ತಿಕ್ಕಿದ್ದಳು. ಬಸ್ಸಿನಲ್ಲಿ ಆಧಾರ್ ತೋರಿಸಿ ಬಿಟ್ಟಿ ಟಿಕೇಟು ತೆಗೆದುಕೊಂಡು, ದುಡ್ಡು ಕೊಟ್ಟು ಟಿಕೇಟು ಪಡೆದ ಗಂಡನನ್ನು ಕಿಟಕಿಯ ಸೀಟಿನಿಂದ ಏಳಿಸಿ ತಾನು ಕೂತಳು.

ಹಾಲ್ ಮೂರನೆಯ ಮಹಡಿಯಲ್ಲಿತ್ತು. ಕೆಳಗೆ ಲಿಫ್ಟಿನ ಎದುರು ಸೀತಾಲಕ್ಷ್ಮಿ ನಿಂತಿದ್ದರು. ಹಾಲ್ ಅವರ ಮನೆತನದ ಟ್ರಸ್ಟಿನದು. ರೇಷ್ಮೆ ಸೀರೆ ಉಟ್ಟು, ಬಂದವರಿಗೆಲ್ಲ ಸಣ್ಣ ಬಟ್ಟಲಿನಿಂದ ಕಲ್ಲುಸಕ್ಕರೆ ಕೊಡುತ್ತಿದ್ದವರು ಇವರಿಬ್ಬರನ್ನು ಕಂಡು ಬಟ್ಟಲನ್ನು ಎದೆಗೆ ಒತ್ತಿಕೊಂಡರು.

"ವಿಭಾ, ಇವ್ರೇನಾ ನೀನು ಹೇಳಿದ್ದು?"

"ಹೌದು ಮೇಡಂ. ಫಿಶಿಂಗ್ ಕಮ್ಯೂನಿಟಿ."

ಸೀತಾಲಕ್ಷ್ಮಿ ಮೂಗಿನ ಹೊಳ್ಳೆಗಳನ್ನು ಮೆಲ್ಲಗೆ ಅಗಲಿಸಿ ಗಾಳಿ ನೋಡಿದರು. "ತಪ್ಪು ತಿಳ್ಕೋಬೇಡಮ್ಮಾ. ಲಿಫ್ಟಲ್ಲಿ ಗಾಳಿ ಆಡಲ್ಲ. ಹಿಂದೆ ಮೆಟ್ಲಿದೆ, ಅಲ್ಲಿಂದ ಬನ್ನಿ, ಆಯ್ತಾ? ಯಾವ ಜನ ನೀವು?"

"ಮೀನ್ ಕೊಯ್ಯೋ ಜನ ರೀ."

"ಅದಲ್ಲಮ್ಮಾ, ಜನ, ಜನ."

"ಅದಾ ರೀ. ನೀವು ಯಾವ್ ಜನ? ತಿನ್ನೋರಾ, ನೋಡೋರಾ?"

"ರಾಮ ರಾಮ! ನಾವು ಮುಟ್ಟೋದೂ ಇಲ್ಲ. ಆದ್ರೆ ನಂಗೆ ಫಿಶಸ್ ಅಂದ್ರೆ ಪ್ರಾಣ. ಮನೇಲಿ ಅಕ್ವೇರಿಯಂ ಇದೆ. ಒಂದೊಂದಕ್ಕೂ ಹೆಸರಿಟ್ಟಿದೀನಿ."

"ನಮ್ದ್ಯಾರೂ ಹೆಸರು ಕೇಳಲಿಲ್ಲ ನೋಡು," ಎಂದು ಮರೆಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿ ಮೆಟ್ಟಿಲು ಹತ್ತತೊಡಗಿದ. ಎರಡನೆಯ ಮಹಡಿಯ ತಿರುವಿನಲ್ಲಿ ವಿಭಾ ಓಡಿ ಬಂದು, ಮುಖ ಸಣ್ಣದು ಮಾಡಿಕೊಂಡು, ಇಬ್ಬರ ಮೇಲೂ ಸೆಂಟು ಹೊಡೆದಳು. "ಸಾರಿ ಆಂಟಿ," ಎಂದಳು. ತಂಗೆವ್ವನಿಗೆ ಸೀನು ಬಂತು. ಸತ್ತ ಸಾಹುಕಾರನ ಕೋಣೆಯ ವಾಸನೆ ಎಂದುಕೊಂಡಳು.

*

ಒಳಗೆ ಚಳಿ. ಗೋಡೆಗಳ ತುಂಬ ಡಾಲ್ಫಿನ್ನು, ಆಮೆ, ಹವಳದ ಚಿತ್ರಗಳು. ವೇದಿಕೆಯ ಮೇಲೆ ಮೂರು ಕುರ್ಚಿ. ನಡುವಿನ ಕುರ್ಚಿಯಲ್ಲಿ ಬದರಿನಾಥ ಕೂತಿದ್ದರು. ಮೀನುಗಾರಿಕೆಯ ಕಡತಗಳನ್ನು ಮೂವತ್ತು ವರ್ಷ ನೋಡಿ ನಿವೃತ್ತರಾದವರು, ಈ ಯೋಜನೆ ಬರೆಯುವ ಸಮಿತಿಯ ಅಧ್ಯಕ್ಷರು. ಅವರ ಎಡಗಡೆಗೆ ಸೀತಾಲಕ್ಷ್ಮಿ ಬಂದು ಕೂತರು. ಬಲಗಡೆಗೆ ಬಿಳಿ ಶರ್ಟಿನ, ದಪ್ಪ ಕತ್ತಿನ ಒಬ್ಬ ಗಂಡಸು.

ಅವನನ್ನು ಕಂಡದ್ದೇ ತಂಗೆವ್ವ ಗಂಡನ ತೋಳು ಹಿಡಿದಳು. ಮರೆಪ್ಪ ಆಗಲೇ ನೋಡಿದ್ದ.

ದೇವರಾಜ್. ಹನ್ನೊಂದು ದೊಡ್ಡ ದೋಣಿಗಳ ಮಾಲೀಕ. ಮೀನನ್ನು ಒಣಗಿಸಿ ಅರೆದು ಕೋಳಿಗೆ ತಿನ್ನಿಸುವ ಹಿಟ್ಟು ಮಾಡುವ ಕಾರ್ಖಾನೆಯೂ ಅವನದೇ. ತಂಗೆವ್ವ ಆರು ವರ್ಷ ಮೀನು ಆರಿಸಿದ್ದು ಅವನ ದಕ್ಕೆಯಲ್ಲಿ. ರಾಶಿ ಸುರಿದರೆ ಮಾರುವ ಮೀನು ಒಂದು ಬುಟ್ಟಿ, ಕಸ ನಾಲ್ಕು ಬುಟ್ಟಿ. ಕಸ ಎಂದರೆ ಉಗುರಿನಷ್ಟು ಏಡಿ, ಬೆರಳಿನಷ್ಟು ಅಂಜಲ್, ಹೊಟ್ಟೆ ಒತ್ತಿದರೆ ಮೊಟ್ಟೆ ಹರಿಯುವ ನಂಗು, ಕಡಲಕುದುರೆ, ರೆಕ್ಕೆ ಇನ್ನೂ ಮಡಚಿಕೊಂಡೇ ಇದ್ದ ತೊರಕೆ ಮರಿ. ಎಲ್ಲ ಸಲಿಕೆಯಲ್ಲಿ ಲಾರಿಗೆ, ಲಾರಿಯಿಂದ ಹಿಟ್ಟಿಗೆ. ಅದರೊಳಗೆ ಜೀವವಿದ್ದದ್ದೂ ಇರುತ್ತಿತ್ತು. ಮೊದಮೊದಲು ತಂಗೆವ್ವ ಅವನ್ನು ಆರಿಸಿ ನೀರಿಗೆ ಎಸೆಯುತ್ತಿದ್ದಳು. ಮೇಸ್ತ್ರಿ ನೋಡಿ ಬೈದ ಮೇಲೆ ಬಿಟ್ಟಳು.

ಮರೆಪ್ಪನ ಕೈ ಹೋದದ್ದು ದೇವರಾಜನ ದೋಣಿಯಲ್ಲೇ. ದೊಡ್ಡ ದೋಣಿಗಳು ದಡದ ಹತ್ತಿರ ಬರಬಾರದು ಎಂದು ಕಾನೂನಿದೆ. ಮರಿಗಳು ಬೆಳೆಯುವ ಜಾಗ ಅದು. ಆದರೆ ಮೀನಿರುವುದೂ ಅಲ್ಲೇ. ಒಂದು ನಸುಕಿನಲ್ಲಿ ದೀಪ ಆರಿಸಿ, ಊರ ನಾಯಿ ಬೊಗಳುವುದು ಕೇಳುವಷ್ಟು ಹತ್ತಿರಕ್ಕೆ ದೋಣಿ ತಂದು ಬಲೆ ಎಳೆದರು. ದಡದಲ್ಲಿ ಕೈರಂಪಣಿಯವರು ತಮ್ಮ ಬಲೆ ಬಿಟ್ಟಿದ್ದರು. ಮರಳಿನ ಮೇಲೆ ನಿಂತು ಮೂವತ್ತು ನಲವತ್ತು ಜನ, ಗಂಡಸರು ಹೆಂಗಸರು, ಹಗ್ಗ ಹಿಡಿದು ಎಳೆಯುವ ಬಲೆ ಅದು. ಎರಡು ಬಲೆ ಸಿಕ್ಕಿಕೊಂಡವು. ಹಗ್ಗ ಸುತ್ತುವ ಯಂತ್ರ ಜಗ್ಗಿತು. ಮರೆಪ್ಪನ ಬಲಗೈ ಹಗ್ಗದ ಜೊತೆ ಒಳಗೆ ಹೋಯಿತು.

ದೋಣಿ ನಡೆಸುತ್ತಿದ್ದವನು ಬಲೆ ಕತ್ತರಿಸಿ ಆಳ ಕಡಲಿಗೆ ಓಡಬೇಕೆಂದಿದ್ದ. ಗಾಯಾಳುವನ್ನು ದಕ್ಕೆಗೆ ಒಯ್ದರೆ, ದೋಣಿ ಎಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ. ಅಷ್ಟರಲ್ಲಿ ಹರಿದ ಬಲೆಯವರು ಪುಟ್ಟ ದೋಣಿಯಲ್ಲಿ ತಾಯಿ ಅಕ್ಕ ಎಲ್ಲ ಎತ್ತಿ ಬೈಯುತ್ತ ಬಂದರು. ರಕ್ತ ಕಂಡು ಬೈಗುಳ ನಿಲ್ಲಿಸಿದರು. ನಾಗಿ ಎಂಬ ಮುದುಕಿ ತನ್ನ ಸೆರಗು ಹರಿದು, ಬಲೆಯ ದಾರದಿಂದ ಮಣಿಕಟ್ಟು ಬಿಗಿದು ಅವನನ್ನು ಇಳಿಸಿಕೊಂಡಳು. ಆಸ್ಪತ್ರೆಗೆ ಸೇರಿಸಿದವರು ಅವರು. ಮೂರು ದಿನ ಗಂಜಿ ತಂದವರು ಅವರು. ಆ ವರ್ಷ ಅವರಿಗೆ ಬಲೆ ಇರಲಿಲ್ಲ.

ದೇವರಾಜ್ ಬರೆಸಿದ್ದು ಬೇರೆ. ಕುಡಿದು ದಕ್ಕೆಯಲ್ಲಿ ಜಾರಿ, ಐಸು ಪುಡಿ ಮಾಡುವ ಯಂತ್ರಕ್ಕೆ ಕೈ ಕೊಟ್ಟ ಎಂದು.

ವೇದಿಕೆಯ ಮೇಲೆ ಅವನು ಮೈಕು ಹಿಡಿದು, "ಸಮುದ್ರ ನಮ್ಮ ತಾಯಿ. ತಾಯಿಯ ಹೊಟ್ಟೆಯಲ್ಲಿರುವ ಮರಿಯನ್ನು ಹಿಡಿಯುವುದು ಪಾಪ," ಎಂದ. ಜನ ಚಪ್ಪಾಳೆ ತಟ್ಟಿದರು.

"ಸೂಳೆಮಗ," ಎಂದು ತಂಗೆವ್ವ ಮೆಲ್ಲಗೆಂದಳು. ಚಪ್ಪಾಳೆಯಲ್ಲಿ ಅದು ಮುಂದಿನ ಸಾಲಿನವರೆಗೆ ಮಾತ್ರ ಹೋಯಿತು. ಮುಂದಿನ ಸಾಲಿನ ಒಬ್ಬರು ತಿರುಗಿ ನೋಡಿದರು. ಮರೆಪ್ಪ ಅವರಿಗೆ ಮೊಂಡುಗೈ ಎತ್ತಿ ನಮಸ್ಕಾರ ಹೇಳಿದ.

*

ಮಧ್ಯಾಹ್ನ ದೊಡ್ಡವರಿಗೆ ಒಳಗೆ ಊಟ. ಇವರಿಗೆ, ಡ್ರೈವರುಗಳಿಗೆ, ಕಾರಿಡಾರಿನಲ್ಲಿ. ಊಟಕ್ಕೆ ಮುಂಚೆ ವಿಭಾ ಒಂದು ಹಾಳೆ ಹಿಡಿದು ಬಂದಳು. ರಟ್ಟಿಗೆ ಕ್ಲಿಪ್ಪು ಹಾಕಿತ್ತು, ಹಾಳೆಯ ಮೇಲ್ಭಾಗ ಹಿಂದಕ್ಕೆ ಮಡಚಿತ್ತು.

"ಆಂಟಿ, ಅಟೆಂಡೆನ್ಸ್. ಊಟದ ಲೆಕ್ಕಕ್ಕೆ."

ಮರೆಪ್ಪ ಕೈ ತೊಳೆಯಲು ಹೋಗಿದ್ದ. ಓದಲು ಬರುತ್ತಿದ್ದದ್ದು ಅವನಿಗೆ. ತಂಗೆವ್ವ ಹೆಬ್ಬೆಟ್ಟು ಒತ್ತಿದಳು. ವಿಭಾ ಅವಳ ಮುಖ ನೋಡಲಿಲ್ಲ, ಹಾಳೆಯನ್ನು ಊದಿ ಮಸಿ ಒಣಗಿಸಿಕೊಂಡು ಹೋದಳು.

ಎಲೆಯ ಮುಂದೆ ಕೂತವರಲ್ಲಿ ಏಳು ಜನ ಹೊಸ ಬಿಳಿ ಪಂಚೆ ಉಟ್ಟಿದ್ದರು. ಎದೆಗೆ 'ಕೈರಂಪಣಿ ಮೀನುಗಾರ' ಎಂಬ ಬಿಲ್ಲೆ. ಕೊನೆಯವನನ್ನು ನೋಡಿ ತಂಗೆವ್ವ ತಿಳಿಸಾರಿನ ಲೋಟ ಕೆಳಗಿಟ್ಟಳು. ದಿನ ಬೆಳಗಾದರೆ ಅವಳ ಅಂಗಡಿಗೆ ವ್ಯಾನಿನಲ್ಲಿ ಮೀನು ತಂದು ಇಳಿಸುವ ಸಿದ್ದಾರೂಢ.

"ಲೇ ಸಿದ್ದ್ಯಾ! ನೀ ಯಾವಾಗ ಮೀನುಗಾರ ಆದಿ? ನಿನ್ನೆ ಬೆಳಿಗ್ಗಿ ಗೇರ್ ಹಾಕಾಕ ಒದ್ದಾಡಾಕತ್ತಿದ್ದಿ?"

ಸಿದ್ದಾರೂಢ ಅತ್ತಿತ್ತ ನೋಡಿ ಬಿಲ್ಲೆಯ ಮೇಲೆ ಕೈ ಮುಚ್ಚಿದ. "ಸಾವ್ಕಾರ್ರು ಹೇಳಿದ್ರವ್ವ. ಎಲ್ಲಾರೂ ಡ್ರೈವರ್ರೇ. ಆ ಮೂಲ್ಯಾಗಿನಂವ ತೋಟದ ಮಾಲಿ."

"ಯಾವ ಸಾವ್ಕಾರ?"

ಅದಕ್ಕೆ ಉತ್ತರ ಬೆನ್ನ ಹಿಂದಿನಿಂದ ಬಂತು.

"ನಾನೇ ಮಾರಾಯ್ತಿ." ದೇವರಾಜ್ ಹಲ್ಲುಕಡ್ಡಿ ಚುಚ್ಚಿಕೊಳ್ಳುತ್ತ ನಿಂತಿದ್ದ. "ಎಂತ ಮರೆಪ್ಪ, ಸೌಖ್ಯವಾ? ಕೈ ಮತ್ತೆ ಬೆಳೀಲಿಲ್ಲ ಅಲ್ವಾ?"

"ಏಡಿ ಆಗಿದ್ರ ಬೆಳಿತಿತ್ತು ಸಾವ್ಕಾರ್ರ," ಎಂದ ಮರೆಪ್ಪ. "ಮನಶ್ಯಾ ಆಗಿ ಕೆಟ್ಟೆ."

ದೇವರಾಜ್ ನಕ್ಕು, ಬಗ್ಗಿ, ದನಿ ತಗ್ಗಿಸಿದ. "ನೋಡಿ, ನಿಮ್ಮ ಗಲ್ಲಿಗೆ ಬರುವ ಮೀನು ಯಾರದ್ದು ಗೊತ್ತುಂಟಾ? ಜೆಪಿ ನಗರದ ಕೋಲ್ಡ್ ಸ್ಟೋರೇಜು ನನ್ನದೇ. ಈ ಸುತ್ತಿನಲ್ಲಿ ನನ್ನನ್ನು ಬಿಟ್ಟು ಯಾರೂ ನಿಮಗೆ ಒಂದು ಬೂತಾಯಿ ಮೀನೂ ಕೊಡ್ಲಿಕ್ಕಿಲ್ಲ. ಮಧ್ಯಾಹ್ನ ಮೈಕು ಕೊಡ್ತಾರೆ. ನಮಸ್ಕಾರ ಹೇಳಿ, ಸಮುದ್ರ ಉಳಿಸಿ ಅನ್ನಿ, ಕೂತ್ಕೊಳ್ಳಿ. ಹಳೇ ಕತೆ ಯಾರಿಗೂ ಬೇಡ. ಪಾಯಸ ಹಾಕಿಸ್ಕೊಳ್ಳಿ, ಒಳ್ಳೇದುಂಟು."

ಅವನು ಒಳಗೆ ಹೋದ. ಮೂರು ವರ್ಷದಿಂದ ದುಡಿದು ಕಟ್ಟಿದ್ದು ಆ ಒಂದು ಹಲಗೆಯ ಅಂಗಡಿ. ಅದೂ ಅವನದೇ ಬಲೆಯೊಳಗಿತ್ತು.

"ಏನ್ ಮಾಡೂಣು?" ಎಂದಳು ತಂಗೆವ್ವ.

ಮರೆಪ್ಪ ಪಾಯಸದ ಲೋಟವನ್ನು ಮೂಸಿ ನೋಡಿದ. "ಮೊದ್ಲ ಪಾಯಸ ಕುಡಿಯೂಣು. ಅದರ ಪಾಪ ಏನೈತಿ."

*

ಮೂರು ಗಂಟೆಗೆ ಅವಳ ಹೆಸರು ಕೂಗಿದರು. ಬದರಿನಾಥರು ಬಿಡಿಸಿ ಹೇಳಿದರು: "ನೋಡಮ್ಮಾ ತಂಗೆವ್ವ, ಮೂರು ನಿಮಿಷ ಇದೆ. ಇದನ್ನ ಕೋ-ಮ್ಯಾನೇಜ್‌ಮೆಂಟ್ ಅಂತೀವಿ. ನೀವು, ನಾವು ಎಲ್ಲಾ ಸೇರ್ಕೊಂಡು."

"ಸೇರ್ಕೊಂಡು ಏನ್ ಮಾಡ್ತೀವ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬದರಿನಾಥರು ಕನ್ನಡಕ ಸರಿಮಾಡಿಕೊಂಡರು. "ಸಮುದ್ರ ಉಳಿಸ್ತೀವಿ."

ತಂಗೆವ್ವ ಮೈಕಿನ ಮುಂದೆ ನಿಂತಳು. ಮೂರೂ ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು. ಕೆಳಗೆ ಮರೆಪ್ಪ ಕಣ್ಣಲ್ಲೇ ಅಂದ, ನಿನ್ನಿಷ್ಟ.

"ಉಳಿಸ್ರಿ. ಬ್ಯಾಡಂತ ಯಾವ ಬಾಡ್ಯಾ ಅಂತಾನ? ಮೀನಿನ ಮರಿ ದಂಡಿಗೆ ಬೆಳಿತಾವ, ಖರೇನ ಐತಿ. ಅಲ್ಲಿ ಕೈ ಹಾಕಬಾರದು. ನಾ ಆರು ವರ್ಷ ಸಲಿಕೀಲೆ ಮರಿ ಎತ್ತಿ ಲಾರಿಗಿ ಹಾಕೀನಿ. ಯಾರ್ ಲಾರಿ? ನಿಮ್ ಬಲಗಡಿ ಕುಂತಾರಲ್ಲ, ಅವರದು. ನನ್ ಗಂಡನ ಕೈ ಹೋದಾಗ ದೋಣಿ ಎಲ್ಲಿತ್ತು ಕೇಳ್ರಿ. ದಂಡ್ಯಾಗಿನ ನಾಯಿ ಬೊಗಳೋದು ಕೇಳ್ತಿತ್ತು. ಆ ನಾಯಿನ್ನ ಸಾಕ್ಷಿಗಿ ಕರೀರಿ—"

"ಪರ್ಸನಲ್ ಆಗಿ ಹೋಗ್ಬೇಡಮ್ಮಾ," ಎಂದರು ಬದರಿನಾಥರು. "ಸಬ್ಜೆಕ್ಟಿಗೆ ಬಾ."

"ಕೈ ಪರ್ಸನಲ್ ರೀ? ಮತ್ತ್ಯಾರ್ದು ಅದು?"

ಮೈಕು ಸತ್ತಿತು. ಯಾರು ಆರಿಸಿದರೋ ಕಾಣಲಿಲ್ಲ. ಇಂಜಿನ್ನು, ಹದ್ದು, ಹರಾಜು ಕೂಗುವವರ ನಡುವೆ ಆರು ವರ್ಷ ಮಾತಾಡಿದ್ದ ಹೆಂಗಸಿಗೆ ಮೈಕಿನ ಅಗತ್ಯವಿರಲಿಲ್ಲ. ಅವಳ ದನಿ ಹಾಲಿನ ಗಾಜುಗಳಿಗೆ ಬಡಿಯಿತು. ದೋಣಿಯ ನಂಬರು ಹೇಳಿದಳು. ತಿಂಗಳು ಹೇಳಿದಳು. ಬಲೆಯ ಕಣ್ಣು ಎಷ್ಟು ಸಣ್ಣದೆಂದು, ಅದರೊಳಗೆ ಅಕ್ಕಿ ಕಾಳೂ ಹಾಯುವುದಿಲ್ಲವೆಂದು ಕಿರುಬೆರಳ ತುದಿ ತೋರಿಸಿ ಹೇಳಿದಳು. ಸೀತಾಲಕ್ಷ್ಮಿ ಕಿವಿಯ ಓಲೆ ಹಿಡಿದುಕೊಂಡು, "ಎಷ್ಟು ಲೌಡ್ ಅಪ್ಪಾ," ಎಂದರು.

ದೇವರಾಜ್ ಕೂತಲ್ಲೇ ಮುಗುಳುನಗುತ್ತಿದ್ದ. ಬದರಿನಾಥರು ಕೈಯೆತ್ತಿ, "ಆಯ್ತು, ಆಯ್ತು, ನೋಟ್ ಮಾಡ್ಕೊಂಡಿದೀವಿ," ಎಂದರು. ಯಾರ ಕೈಯಲ್ಲೂ ಪೆನ್ನಿರಲಿಲ್ಲ. "ಈಗ ರೆಸಲ್ಯೂಷನ್. ಸಂತೋಷದ ವಿಷಯ ಅಂದ್ರೆ ಮೀನುಗಾರ ಸಮುದಾಯದ ಎಂಟೂ ಪ್ರತಿನಿಧಿಗಳು ಒಪ್ಪಿ ಸಹಿ ಹಾಕಿದಾರೆ. ತಂಗೆವ್ವನೂ ಸೇರಿ."

"ನಾ ಯಾವಾಗ ಹಾಕಿದೆ?"

ಮರೆಪ್ಪ ಎದ್ದ. ವೇದಿಕೆಯ ಮೇಜಿನ ಮೇಲಿದ್ದ ರಟ್ಟನ್ನು ಕೇಳದೆಯೇ ಎತ್ತಿಕೊಂಡು, ಮಡಚಿದ್ದ ಮೇಲ್ಭಾಗವನ್ನು ಬಿಡಿಸಿದ. ಏಳನೆಯ ತರಗತಿಯವರೆಗೆ ಓದಿದ್ದ. ಮೊಂಡುಗೈಯಿಂದ ಸಾಲು ಹಿಡಿದು, ಮಗ್ಗಿ ಒಪ್ಪಿಸುವವನಂತೆ ಗಟ್ಟಿಯಾಗಿ ಓದಿದ:

"ದಡದಂಚಿನ ಜಲಪ್ರದೇಶವು ಮತ್ಸ್ಯ ಸಂತತಿಯ ತೊಟ್ಟಿಲಾಗಿರುವುದರಿಂದ, ಸದರಿ ಪ್ರದೇಶದಲ್ಲಿ ಕೈರಂಪಣಿ ಮುಂತಾದ ದಡದ ಬಲೆಗಳನ್ನು ವರ್ಷಪೂರ್ತಿ ನಿಷೇಧಿಸಲು, ಕೆಳಗೆ ಸಹಿ ಮಾಡಿರುವ ಮೀನುಗಾರರಾದ ನಾವು ಸ್ವಇಚ್ಛೆಯಿಂದ ಒಪ್ಪಿರುತ್ತೇವೆ. ಯಾಂತ್ರೀಕೃತ ದೋಣಿಗಳ ವಿಷಯದಲ್ಲಿ ಮಾಲೀಕರು ಸ್ವಯಂ ನಿಯಂತ್ರಣ ವಹಿಸತಕ್ಕದ್ದು."

ಓದಿ ಮುಗಿಸಿ ಅವನು ಹೆಂಡತಿಯ ಕಡೆ ತಿರುಗಿದ.

"ಸ್ವಯಂ ನಿಯಂತ್ರಣ ಅಂದ್ರ ಏನು?" ಎಂದಳು ತಂಗೆವ್ವ.

"ನಾಯಿಗಿ ಹಗ್ಗ ಬ್ಯಾಡ, ತನ್ನ ತಾನ ಹಿಡ್ಕೊಂತೈತಿ ಅಂದಂಗ."

"ಅಂದ್ರ ನಾಗಿ ಬಲಿ ಬಂದ್. ಇವನ ಬಲಿ ಚಾಲೂ."

"ಹೂಂ. ಅದಕ್ಕ ನಿನ್ ಹೆಬ್ಬೆಟ್ಟು."

ತಂಗೆವ್ವ ವಿಭಾಳ ಕಡೆ ನೋಡಿದಳು. "ಊಟದ ಲೆಕ್ಕ ಅಂದ್ಯಲ್ಲವ್ವ?"

ವಿಭಾ ಲ್ಯಾಪ್‌ಟಾಪಿನ ಹಿಂದೆ ಇನ್ನೂ ತಗ್ಗಿದಳು. "ಸಾರ್ ಹೇಳಿದ್ರು ಆಂಟಿ... ಎರಡಕ್ಕೂ ಒಂದೇ ಶೀಟ್ ಅಂತ."

"ಫಾರ್ಮಾಲಿಟಿ ಅಮ್ಮಾ," ಎಂದರು ಬದರಿನಾಥರು. "ನಿಂಗೇನು ನಷ್ಟ? ನೀನು ದಡದಲ್ಲಿ ಬಲೆ ಎಳೆಯೋಳಲ್ಲ. ನೀನಿರೋದು ಬಿಟಿಎಂನಲ್ಲಿ."

"ಅದಾ ರೀ ನಾ ಹೇಳೋದು. ನಾ ಎಳೆಯೋಳಲ್ಲ. ನಾ ಯಾರ್ರೀ ಅವರ ಬಲಿ ಮ್ಯಾಲ ಹೆಬ್ಬೆಟ್ಟು ಒತ್ತಾಕ? ನನ್ ಗಂಡನ ರಕ್ತ ನಿಲ್ಸಿದ್ದು ಆ ಬಲಿ ದಾರ. ಆ ಹಾಳಿ ನಮಗ ಕೊಡ್ರಿ."

"ಅದು ಸಮಿತಿ ರೆಕಾರ್ಡು. ಕೊಡಕ್ಕಾಗಲ್ಲ. ಇಡಪ್ಪ ಕೆಳಗೆ."

ದೇವರಾಜ್ ಎದ್ದು ಬಂದ. ಮುಗುಳುನಗೆ ಇರಲಿಲ್ಲ. "ಮರೆಪ್ಪ, ಇಡು. ಇನ್ನೊಂದು ಕೈಯಾದರೂ ಉಳಿಸ್ಕೋ."

ಅವನು ಕೈ ಚಾಚುವುದರೊಳಗೆ ತಂಗೆವ್ವ ಗಂಡನ ಕೈಯಿಂದ ರಟ್ಟು ಕಿತ್ತುಕೊಂಡು, ಕ್ಲಿಪ್ಪು ಬಿಡಿಸಿ ಹಾಳೆಯನ್ನು ಮುದುಡಿದಳು. ಇಡಲು ಜಾಗ ಹುಡುಕಿದಳು. ಸೆರಗಿನಲ್ಲಿಟ್ಟರೆ ಎಳೆಯುತ್ತಾರೆ. ಓಡಿದರೆ ಬಾಗಿಲಲ್ಲಿ ಜನ. ಅವಳು ಬಾಯಿ ತೆರೆದು ಹಾಳೆಯನ್ನು ಒಳಗೆ ತುರುಕಿಕೊಂಡಳು.

"ಏಯ್! ಏಯ್! ಉಗಿ! ಉಗಿಯೇ!" ದೇವರಾಜ್ ಕೂಗಿದ.

ತಂಗೆವ್ವ ಜಗಿದಳು. ಕಾಗದ ಒರಟಾಗಿತ್ತು, ಮೊದಲ ಸುತ್ತಿಗೆ ಒಡೆಯಲಿಲ್ಲ. ಕೆನ್ನೆ ಎರಡೂ ಉಬ್ಬಿದವು. ಮಸಿಯ ನೀಲಿ ತುಟಿಯ ಮೂಲೆಯಲ್ಲಿ ಇಳಿಯಿತು.

"ಅಯ್ಯೋ, ಬಾಯಿಂದ ತೆಗೀರಿ ಯಾರಾದ್ರೂ!" ಎಂದು ಸೀತಾಲಕ್ಷ್ಮಿ ಎದ್ದು ನಿಂತರು. ತಾವು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದರು. ಹಾಲಿನ ಇಬ್ಬರು ಸಿಬ್ಬಂದಿ ಮುಂದೆ ಬಂದರು. ಅವಳ ಬಾಯಿ ನೋಡಿದರು. ಒಬ್ಬರು ಇನ್ನೊಬ್ಬರನ್ನು ನೋಡಿದರು. ನಿಂತರು. ಬದರಿನಾಥರ ಕೈ ಅವಳ ಗಲ್ಲದವರೆಗೆ ಹೋಯಿತು, ಒಂದು ಗೇಣು ಈಚೆಗೇ ನಿಂತಿತು. ಮುಟ್ಟದೇ ಇದ್ದ ಆ ಕೈಯನ್ನು ಅವರು ಕರವಸ್ತ್ರ ತೆಗೆದು ಒರೆಸಿಕೊಂಡರು.

ತಂಗೆವ್ವ ಅವರ ಕಣ್ಣಲ್ಲಿ ಕಣ್ಣಿಟ್ಟು ಜಗಿಯುತ್ತಿದ್ದಳು.

"ಸಿದ್ದಾರೂಢ!" ದೇವರಾಜ್ ಗರ್ಜಿಸಿದ. "ಬಾರೋ ಇಲ್ಲಿ! ಕೈ ಹಾಕಿ ತೆಗಿ ಅದನ್ನ!"

ಸಿದ್ದಾರೂಢ ಬಿಳಿ ಪಂಚೆ ಎತ್ತಿಕೊಂಡು ವೇದಿಕೆಯವರೆಗೆ ಬಂದ. ತಂಗೆವ್ವನ ಮುಂದೆ ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಕಿ ಕಚ್ತಾಳ್ರಿ ಸಾವ್ಕಾರ್ರ," ಎಂದ.

ಕಾಗದ ಗಂಟಲಲ್ಲಿ ನಿಂತಿತು. ತಂಗೆವ್ವನ ಕಣ್ಣಲ್ಲಿ ನೀರು ಬಂತು. ಮರೆಪ್ಪ ಬದರಿನಾಥರ ಮುಂದಿದ್ದ ಲೋಟ ಎತ್ತಿ ಅವಳ ಬಾಯಿಗೆ ಹಿಡಿದ, ಮೊಂಡುಗೈಯಿಂದ ಬೆನ್ನು ತಟ್ಟಿದ. ಅವಳು ನುಂಗಿದಳು. ಇನ್ನೊಮ್ಮೆ ನುಂಗಿದಳು. ಆಮೇಲೆ ಬಾಯಿ ಅಗಲಿಸಿ, ನೀಲಿ ನಾಲಿಗೆಯನ್ನು ಚಾಚಿ, ವೇದಿಕೆಯ ಮೂರೂ ಜನಕ್ಕೆ ತೋರಿಸಿದಳು.

"ಉಪ್ಪಿಲ್ರಿ," ಎಂದಳು.

ದೇವರಾಜ್ ಫೋನು ತೆಗೆದು ಎಲ್ಲರಿಗೂ ಕೇಳುವಂತೆ ಮಾತಾಡಿದ. ನಾಳೆಯಿಂದ ಬಿಟಿಎಂನ ಆ ಗಲ್ಲಿಗೆ ಮೀನು ಇಳಿಸಬಾರದು, ಐಸು ಕೂಡ ಕೊಡಬಾರದು ಎಂದ. ಫೋನು ಜೇಬಿಗಿಟ್ಟು ತಂಗೆವ್ವನನ್ನು ನೋಡಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಒಂದು ಹಾಳೆ ತಿಂದ್ರೆ ಏನಾಯ್ತು?" ಎಂದ ಅವನು ಬದರಿನಾಥರಿಗೆ. "ಇನ್ನೊಂದು ಪ್ರಿಂಟ್ ತೆಗೆಸಿ. ನನ್ನ ದಕ್ಕೆಯಲ್ಲಿ ಇಪ್ಪತ್ತು ಹೆಂಗಸರಿದ್ದಾರೆ, ಹೆಬ್ಬೆಟ್ಟು ಒತ್ತಿಸ್ತೇನೆ."

"ವಿಭಾ, ಪ್ರಿಂಟ್," ಎಂದರು ಬದರಿನಾಥರು.

ಮೂಲೆಯ ಪ್ರಿಂಟರು ಕರಕರ ಎಂದಿತು. ವಿಭಾ ಬಿಸಿಯಾದ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುರ್ಚಿಗಳ ಸಾಲಿನ ನಡುವೆ ಬಂದಳು. ಮರೆಪ್ಪ ಆಗಲೇ ವೇದಿಕೆಯಿಂದ ಇಳಿದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಅವನು ದಾರಿಗೆ ಅಡ್ಡವಾಗಿ ಎಡಗೈ ಚಾಚಿದ.

"ಇಲ್ಲಿ ಕೊಡವ್ವ. ಅಕಿದು ಊಟ ಆತು. ಇದು ನನ್ ಪಾಲಿಂದು."

ವಿಭಾ ನಿಂತಳು. ವೇದಿಕೆಯ ಮೇಲಿಂದ ಬದರಿನಾಥರು ಅವಳ ಹೆಸರು ಕೂಗಿದರು. ಅವಳು ಅತ್ತ ಹೋಗಲಿಲ್ಲ, ಹಾಳೆಯನ್ನು ಕೊಡಲೂ ಇಲ್ಲ.

ಸಿದ್ದಾರೂಢ ಯಾರನ್ನೂ ನೋಡದೆ ಮೇಜಿನ ಮೇಲಿದ್ದ ನೀರಿನ ಬಾಟಲಿಯೊಂದನ್ನು ತೆಗೆದುಕೊಂಡ. ಒಂದೇ ಕೈಯವನಿಗೆ ಆಗದ ಕೆಲಸವೆಂದು ತಾನೇ ಮುಚ್ಚಳ ತಿರುವಿ ತೆಗೆದು, ಮರೆಪ್ಪನ ಕಾಲ ಬಳಿ ಇಟ್ಟು, ಅವನ ಪಕ್ಕದ ಕುರ್ಚಿಯಲ್ಲಿ ಕೂತ.